ಅಕ್ಕನ ಮನೆಗೆ ಹೊರಟ ಟ್ರೈಲರ್

೨೦೦೫ರ ಬೇಸಿಗೆ. ಫೇರ್‌ಫ್ಯಾಕ್ಸ್‌ನಲ್ಲಿ ನಮ್ಮಿಂದ ಎರಡೇ ಬೀದಿ ಆಚೆ ಇದ್ದ ಅಕ್ಕ, ದಕ್ಷಿಣಕ್ಕೆ ಇಡೀ ದಿನದ ದಾರಿಯಷ್ಟು ದೂರದ ಕಮ್ಮಿಂಗ್‌ಗೆ ಮನೆ ಬದಲಾಯಿಸಿ ಒಂದು ವರ್ಷವಾಗಿತ್ತು. ಅವಳಿದ್ದಾಗ ಸಾಯಂಕಾಲ ಅವಳ ಅಡುಗೆಮನೆಗೆ ಹೋಗಿ ಕೂರದೆ ನನಗೆ ದಿನ ಮುಗಿಯುತ್ತಿರಲಿಲ್ಲ. ಹೋದಮೇಲೆ ಆ ಹೊತ್ತಿಗೆ ಏನು ಮಾಡಬೇಕೆಂದೇ ತಿಳಿಯುತ್ತಿರಲಿಲ್ಲ.

ನನ್ನ ಗಂಡ ಆಗಷ್ಟೇ ಹಳೆಯ ಟ್ರಾವೆಲ್ ಟ್ರೈಲರ್ ಒಂದನ್ನು ಕೊಂಡಿದ್ದರು. ಮಂಚ, ಒಲೆ ಎಲ್ಲ ಇದ್ದ ಪುಟ್ಟ ಮನೆ, ಟ್ರಕ್ಕಿನ ಹಿಂದೆ ಎಳೆದುಕೊಂಡು ಹೋಗುವಂಥದ್ದು. ಒಂದೊಂದು ಬದಿಗೆ ಎರಡೆರಡು ಚಕ್ರ. ಅಕ್ಕ ನಮ್ಮ ಗ್ಯಾರೇಜಿನಲ್ಲಿ ಬಿಟ್ಟಿದ್ದ ಕಲ್ಲಿನ ಗ್ರೈಂಡರ್, ಹೊಲಿಗೆ ಮೆಷಿನ್, ಪುಸ್ತಕದ ಡಬ್ಬಗಳು, ಸಾಲದ್ದಕ್ಕೆ ನಾಲ್ಕು ಮೂಟೆ ಅಕ್ಕಿ, ಎಲ್ಲವನ್ನೂ ನಾನು ಟ್ರೈಲರಿನೊಳಗೆ ಬಾಗಿಲಿನ ಬದಿಗೇ ಒಟ್ಟಿದೆ.

"ಒಂದೇ ಸೈಡಿಗೆ ಇಷ್ಟು ಲೋಡ್ ಮಾಡ್ಬೇಡ. ಒಂದ್ಸಲ ತೂಕ ಹಾಕಿಸೋಣ," ಅಂದರು.

"ಲೇಟಾಗುತ್ತೆ ರೀ, ಅಕ್ಕ ಕಾಯ್ತಿರ್ತಾಳೆ," ಅಂದೆ ನಾನು.

ತೂಕ ಹಾಕಿಸದೆಯೇ ಹೊರಟೆವು. ದಾರಿಯಲ್ಲಿ, ಸೌತ್ ಕ್ಯಾರೊಲಿನಾದ ಮಧ್ಯಾಹ್ನದ ಬಿಸಿಲಲ್ಲಿ ಹಿಂದಿನಿಂದ ಢಬ್ ಎಂದು ಸದ್ದಾಯಿತು. ಟ್ರೈಲರ್ ಹೊಯ್ದಾಡಿ ಟ್ರಕ್ಕನ್ನೂ ಎಳೆಯತೊಡಗಿತು. ಅವರು ಗಟ್ಟಿಯಾಗಿ ಬ್ರೇಕ್ ಒತ್ತಲಿಲ್ಲ. ಸ್ಟಿಯರಿಂಗ್ ನೇರ ಹಿಡಿದು, ವೇಗ ತಾನಾಗಿ ಇಳಿಯುವವರೆಗೆ ಕಾದು, ರಸ್ತೆಯಂಚಿಗೆ ತಂದರು. ಬಾಗಿಲ ಬದಿಯ ಒಂದು ಟೈರ್ ಚಿಂದಿಯಾಗಿತ್ತು. ಅದರ ಏಟಿಗೆ ಮೇಲಿನ ತಗಡೂ ಕಿತ್ತುಬಂದಿತ್ತು.

ಸಹಾಯಕ್ಕೆ ಬಂದ ಟೈರ್ ಅಂಗಡಿಯ ಮುದುಕ ಕೂತು ನೋಡಿದ. ಟೈರಿನ ಗೀರುಗಳು ಸವೆದಿರಲಿಲ್ಲ, ಆದರೆ ವಯಸ್ಸಾಗಿ ಪಕ್ಕ ಬಿರುಕುಬಿಟ್ಟಿತ್ತು. ಅದರ ಮೇಲೆ ನಾನು ಒಟ್ಟಿದ ಭಾರ. "ಪಕ್ಕದ ಟೈರು ಇಷ್ಟು ಹೊತ್ತು ಎರಡರ ತೂಕ ಹೊತ್ತಿದೆ. ಅದನ್ನೂ ನಂಬಬೇಡಿ, ಬದಲಾಯಿಸಿ. ಸಾಮಾನು ಇಳಿಸಿ," ಅಂದ. ನನ್ನ ಗಂಡ ಸ್ಪೇರ್ ಚಕ್ರ ಹಾಕಿಸಿ, ಟ್ರೈಲರನ್ನು ನಿಧಾನವಾಗಿ ಅವನ ಅಂಗಡಿಗೆ ತಂದು ಸಾಮಾನು ಇಳಿಸತೊಡಗಿದರು. ಬೈದಿದ್ದರೆ ಹಗುರಾಗುತ್ತಿತ್ತು.

ಅಕ್ಕನಿಗೆ ಫೋನ್ ಮಾಡಿದೆ. "ಅಲ್ಲೇ ಇರು, ಬರ್ತೀನಿ," ಅಂದವಳು ಎರಡೂವರೆ ಗಂಟೆ ಡ್ರೈವ್ ಮಾಡಿ ಟೈರ್ ಅಂಗಡಿಗೇ ಬಂದಳು. ಗ್ರೈಂಡರ್ ನೋಡಿ, "ಈ ಕಲ್ಲಿಗೋಸ್ಕರ ಇಬ್ಬರೂ ಸಾಯ್ತಿದ್ರಲ್ಲೇ," ಅಂದಳು.

"ಅದು ಬರೀ ನೆಪ ಅಕ್ಕ. ನಿನ್ನ ನೋಡ್ಬೇಕಿತ್ತು."

"ಗೊತ್ತು. ನಂಗೂ ಅಲ್ಲಿ ಬಾಯಿಬಿಟ್ಟು ಮಾತಾಡೋಕೆ ಯಾರೂ ಇಲ್ಲ ಕಣೇ."

ಹೊಸ ಟೈರ್ ಹಾಕುವವರೆಗೆ, ಅಂಗಡಿಯ ನೆರಳಲ್ಲಿ ಅಕ್ಕಿಮೂಟೆಗಳ ಮೇಲೆ ಕೂತು, ಅವಳು ಅವಸರದಲ್ಲಿ ತಂದಿದ್ದ ಚಿತ್ರಾನ್ನ ತಿಂದೆವು. ಭಾರದ ಸಾಮಾನೆಲ್ಲ ಅವಳ ವ್ಯಾನಿಗೆ ಹೋಯಿತು. ನಾನೂ ಅವಳ ಪಕ್ಕದಲ್ಲೇ ಕೂತೆ. ಹಿಂದಿನಿಂದ ಟ್ರೈಲರ್ ನಿಧಾನವಾಗಿ ಬಂತು.

ಎರಡು ವರ್ಷದಲ್ಲಿ ಭಾವನಿಗೆ ಈ ದೇಶದ ಇನ್ನೊಂದು ತುದಿಯಲ್ಲಿ, ಪಶ್ಚಿಮ ಕರಾವಳಿಯಲ್ಲಿ ಕೆಲಸವಾಯಿತು, ಅಕ್ಕನೂ ಅಲ್ಲಿಗೆ ಹೋದಳು. ಈಗ ನಮ್ಮದು ಭಾನುವಾರದ ಫೋನು, ಅದೂ ಮೂರು ಗಂಟೆಯ ವ್ಯತ್ಯಾಸ ಲೆಕ್ಕ ಹಾಕಿಕೊಂಡು. ಅವಳು ಹಲೋ ಎನ್ನುವಾಗ ಇಲ್ಲಿ ಹೊತ್ತು ಮುಳುಗಿರುತ್ತದೆ, ಅವಳ ಕಿಟಕಿಯಲ್ಲಿ ಇನ್ನೂ ಬಿಸಿಲು.