ಎಡಕ್ಕೆ ವಾಲಿದ ಮೋಟಾರು

ಎತ್ತಿನಗಾಡಿಯ ಬುದ್ಧಿಯನ್ನು ಮೋಟಾರಿಗೆ ಹಚ್ಚಬಾರದು ಎಂದು ನಮ್ಮ ಮಾವನವರಿಗೆ ಹೇಳುವವರು ಆಗ ಮಂಚಿಕೇರಿ ಸುತ್ತಿನಲ್ಲಿ ಯಾರೂ ಇರಲಿಲ್ಲ. ಮೋಟಾರು ಕಂಡವರೇ ಕಡಿಮೆ. ಖಾಲಿ ಗಾಡಿ ಎತ್ತಿ ಎತ್ತಿ ಹಾಕುತ್ತದೆ, ಹೇರು ಇದ್ದರೆ ನೆಲ ಹಿಡಿದು ನಡೆಯುತ್ತದೆ ಎಂಬುದು ಅವರ ಜೀವಮಾನದ ಅನುಭವ. ಹಾಗಾಗಿ, ಚೊಚ್ಚಲ ಬಸುರಿಯಾಗಿದ್ದ ನನ್ನನ್ನು ಹೆರಿಗೆಗೆ ಸಿದ್ದಾಪುರ ಕಡೆಯ ತವರಿಗೆ ಕರೆದೊಯ್ಯಲು ಅಪ್ಪಯ್ಯ ಶಿರಸಿಯಿಂದ ಬಾಡಿಗೆ ಮೋಟಾರು ತಂದಾಗ, ಮಾವನವರು ಅದರ ಹಿಂದೆ ಅಕ್ಕಿ ಚೀಲ, ತೆಂಗಿನಕಾಯಿ ಚೀಲ ಹೇರಿಸಿದರು. ನಾನು ಕೂರುವುದು ಎಡಗಡೆ ಎಂದು ಕೇಳಿ ತಿಳಿದು, ಎಲ್ಲವನ್ನೂ ಎಡಕ್ಕೇ ಇಡಿಸಿದರು.

"ಕೂಸಿಗೆ ಚೂರೂ ಕುಲುಕಲಾಗ ನೋಡು," ಅಂದರು. ನಮ್ಮ ಕಡೆ ಮನೆಯ ಹೆಣ್ಣುಮಗಳೂ ಕೂಸೇ, ಅಂದರೆ ನಾನು.

ಚೀಲ ಹೇರುವ ಮೊದಲೇ ಮೋಟಾರು ಎಡಕ್ಕೆ ತಗ್ಗಿದಂತೆ ನನಗೆ ಕಂಡಿತ್ತು. ಅಂಗಳದ ಇಳಿಜಾರು ಇರಬೇಕು ಎಂದುಕೊಂಡೆ. ನೀರಿಳಿಯದ ಗಂಟಲಲ್ಲಿ ಕಡುಬು ತುರುಕುತ್ತಿದ್ದೇವೆ ಎಂದು ನಮಗ್ಯಾರಿಗೂ ಗೊತ್ತಾಗಲಿಲ್ಲ. ಓಡಿಸುವ ಸಾಬರಿಗೆ ಗೊತ್ತಾಗಬೇಕಿತ್ತು. ಆದರೆ ಅವರು ದೊಡ್ಡವರ ಮಾತಿಗೆ ಎದುರಾಡುವ ಪೈಕಿಯಲ್ಲ, ಹೂಂ ಅಂದುಬಿಟ್ಟರು.

ಊರು ದಾಟಿ ಸ್ವಲ್ಪ ದೂರ ಮಾವನವರ ಎಣಿಕೆ ಸರಿಯಾಗಿಯೇ ಇತ್ತು. ತೊಟ್ಟಿಲಲ್ಲಿ ಕೂತ ಹಾಗೆ ಹೋದೆವು. ಆಮೇಲೆ ಕಾಡಿನ ರಸ್ತೆಯಲ್ಲಿ, ಮಳೆಗಾಲದ ನೀರು ಕೊರೆದ ಕೊರಕಲಿಗೆ ಹಿಂದಿನ ಎಡಗಾಲಿ ಬಿತ್ತು. ನನ್ನ ಸೀಟಿನ ಅಡಿಯಲ್ಲೇ 'ಟಣ್' ಎಂದಿತು. ನಾನು ಎರಡೂ ಕೈಯಲ್ಲಿ ಹೊಟ್ಟೆ ಅವುಚಿಕೊಂಡೆ. ಬೆಳಗಿನಿಂದ ಒಳಗೆ ಒದೆಯುತ್ತಿದ್ದ ಜೀವ ಥಟ್ಟನೆ ಸುಮ್ಮನಾಯಿತು.

ಮಲಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದೆ. ಇಲ್ಲ. ಮೋಟಾರಿನಲ್ಲಿದ್ದವರು ಇಬ್ಬರೂ ಗಂಡಸರು. ಮಗು ಮಿಸುಕುತ್ತಿಲ್ಲ ಎಂದು ಅಪ್ಪನೆದುರು ಹೇಳುವ ರೂಢಿ ನಮ್ಮಲ್ಲಿರಲಿಲ್ಲ. ಅಂಥ ಮಾತೇನಿದ್ದರೂ ಹೆತ್ತ ಆಯಿಯ ಹತ್ತಿರ, ಅತ್ತೆಯ ಹತ್ತಿರ. ಆಯಿ ಇನ್ನೂ ಎಷ್ಟೋ ದೂರದಲ್ಲಿದ್ದಳು.

ಹೇಳಲಾಗದ ಹೆದರಿಕೆ ಕಿವಿಯನ್ನು ಚುರುಕು ಮಾಡುತ್ತದೆ. ಪ್ರತಿ ಗುಂಡಿಗೂ ಹಿಂದಿನಿಂದ 'ಕಿರ್ರ್' ಎಂಬ ಸದ್ದು. ನೆಟ್ಟಗಿನ ರಸ್ತೆಯಲ್ಲೂ ಮೋಟಾರು ಎಡಕ್ಕೆ ಎಳೆಯುತ್ತಿತ್ತು, ಸಾಬರು ಚಕ್ರವನ್ನು ಬಲಕ್ಕೇ ಹಿಡಿದು ಕೂತಿದ್ದರು. ತಿರುವು ಮುಗಿದ ಮೇಲೂ ನಮ್ಮ ಮೈ ಓಲಾಡುತ್ತಲೇ ಇತ್ತು. ಗಾಲಿ ಎಲ್ಲಿಗೋ ಉಜ್ಜಿ ರಬ್ಬರು ಸುಟ್ಟ ವಾಸನೆ ಬರತೊಡಗಿತು.

"ಅಪ್ಪಯ್ಯಾ, ಗಾಡಿ ನಿಲ್ಸಲೆ ಹೇಳು. ಅಡಿಗೆ ಎಂತೋ ಮುರದ್ದು," ಅಂದೆ.

"ಎಂತೂ ಆಜಿಲ್ಲೆ. ಹೆದ್ರಡ," ಅಂದ ಅಪ್ಪಯ್ಯ.

"ಹಳೇ ಗಾಡಿ ಅಲ್ವಾ ತಾಯಿ, ಮಾತಾಡ್ತದೆ," ಅಂದರು ಸಾಬರು.

ನನಗೆ ಸಿಟ್ಟು ಬಂತು. ಮಾತಾಡುವ ಗಾಡಿಯ ಮಾತು ಓಡಿಸುವವನೇ ಕೇಳದಿದ್ದರೆ ಯಾರು ಕೇಳಬೇಕು? ಮುಂದೆ ಹಳ್ಳಕ್ಕಿಳಿಯುವ ದೊಡ್ಡ ತಿರುವು ಇತ್ತು, ಎಡಕ್ಕೆ ಬರೀ ಕಮರಿ. ಎತ್ತಿನಗಾಡಿಯಲ್ಲಿ ಓಡಾಡುವಾಗಲೇ ಅಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಿದ್ದವಳು ನಾನು. ಬಾಗಿಲಿನ ಹಿಡಿಗೆ ಕೈ ಹಾಕಿದೆ.

"ನಿಲ್ಸದೇ ಇದ್ರೆ ಆನು ಹಾರ್ತೆ."

ಅಪ್ಪಯ್ಯ ನನ್ನ ಮುಖ ನೋಡಿದ. ಆಮೇಲೆ ಸಾಬರ ಹೆಗಲು ಮುಟ್ಟಿದ.

ಸಾಬರು ಇಳಿದು, ಹಿಂದೆ ಹೋಗಿ ನಿಂತು ನೋಡಿದರು. ಒಂದು ಮೂಲೆ ಕುಸಿದ ಮನೆಯಂತೆ ನಿಂತಿತ್ತು ಮೋಟಾರು. ಅಡಿಗೆ ತೂರಿ ಹೊರಬಂದಾಗ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ಅದರ ಮೇಲೆ ಗಾಡಿಯ ಭಾರ ಕೂರಿಸಿರುತ್ತಾರೆ. ಅದರಲ್ಲಿ ಎಲ್ಲಕ್ಕಿಂತ ಉದ್ದದ ಪಟ್ಟಿ ತುಂಡಾಗಿತ್ತು.

"ಬಿರುಕು ಹಳೇದು ಒಡೆಯಾ, ತುಕ್ಕು ಹಿಡಿದಿದೆ. ಇವತ್ತಿನ ಹೇರಿಗೆ ಪೂರಾ ಹೋಯ್ತು. ಆ ತಿರುವಲ್ಲಿ ಗಾಲಿ ಓರೆ ಆಗಿದ್ರೆ..." ಮಾತು ಮುಗಿಸದೆ ಬೆವರು ಒರೆಸಿಕೊಂಡರು.

ಚೀಲಗಳನ್ನು ಹತ್ತಿರದ ಒಂದು ಮನೆಯಲ್ಲಿ ಇಳಿಸಿದರು. ಜಾಕು ಕೊಟ್ಟು ಗಾಡಿ ಎತ್ತಿ, ಮುರಿದ ಕಡೆ ಮರದ ತುಂಡು ತುರುಕಿ, ಹಗ್ಗ ಬಿಗಿದರು. ತಿರುವನ್ನು ನಾನು ನಡೆದೇ ಇಳಿದೆ. ಅಪ್ಪಯ್ಯ ಕಮರಿಯ ಬದಿಗೆ ನಡೆದ. ಆಮೇಲೆ ಶಿರಸಿಯವರೆಗೂ ಎತ್ತಿನಗಾಡಿಗಿಂತ ನಿಧಾನ. ಒಳಗಿನ ಜೀವ ಮಿಸುಕಲೇ ಇಲ್ಲ. ಉಕ್ಕಿನ ಪಟ್ಟಿಯೇ ತಡೆಯದ ಪೆಟ್ಟನ್ನು ಅದು ತಡೆದೀತೇ ಎಂಬ ಒಂದೇ ಯೋಚನೆ ಸುತ್ತಿ ಸುತ್ತಿ ಬರುತ್ತಿತ್ತು.

ಶಿರಸಿಯಲ್ಲಿ ಸಾಬರ ಮನೆಯ ಪಕ್ಕದಲ್ಲೇ ರಿಪೇರಿಯ ಕೊಟ್ಟಿಗೆ. ನಾನು ಅವರ ಮನೆಯ ಜಗಲಿಯ ತುದಿಯಲ್ಲಿ ಕೂತೆ. ಆ ಮನೆಯಲ್ಲಿ ನೀರು ಕುಡಿಯುವ ಹಾಗಿಲ್ಲ, ಯಾರಿಂದಲೂ ಮುಟ್ಟಿಸಿಕೊಳ್ಳುವ ಹಾಗಿಲ್ಲ. ಆ ಕಾಲದ ಮಡಿ ಅಂಥದ್ದು. ಸಾಬರ ತಾಯಿ ಹೊರಬಂದು ನನ್ನನ್ನು ಒಂದು ಕ್ಷಣ ನೋಡಿದರು.

"ಬೇಟಿ, ಮಗು ಆಡ್ತಾ ಇದೆಯಾ?"

ಅಷ್ಟು ದೂರ ತಡೆದುಕೊಂಡು ಬಂದದ್ದು ಕಟ್ಟೆಯೊಡೆಯಿತು. ಇಲ್ಲ ಎಂದು ತಲೆಯಾಡಿಸಿ ಅತ್ತೆ. ಅಪ್ಪಯ್ಯ ಅಂಗಳದಲ್ಲೇ ನಿಂತಿದ್ದ. ಮುದುಕಿ ಯಾರನ್ನೂ ಕೇಳದೆ ನನ್ನ ಪಕ್ಕ ಕೂತು, ಹೊಟ್ಟೆಯ ಮೇಲೆ ಅಂಗೈ ಊರಿದರು. ಅಪ್ಪಯ್ಯ ಮುಖ ತಿರುಗಿಸಿ ರಸ್ತೆ ನೋಡುತ್ತ ನಿಂತ.

ಕೊಟ್ಟಿಗೆಯಲ್ಲಿ ಬೇರೊಂದು ಗಾಡಿಯಿಂದ ಬಿಚ್ಚಿದ ಪಟ್ಟಿಯನ್ನು ಹೊಂದಿಸುತ್ತಿದ್ದರು. ಬೆಂಕಿಗೆ ಹಿಡಿದರೆ ಉಕ್ಕಿನ ಕಸುವು ಹೋಗುತ್ತದೆಂದು ತಣ್ಣಗಿದ್ದ ಹಾಗೆಯೇ ಬಡಿದು ಬಾಗಿಸಬೇಕಂತೆ. ಒಂದೇ ಕಡೆ ಸರಿಮಾಡಿದರೆ ಮತ್ತೆ ವಾಲುತ್ತದೆಂದು ಬಲಗಡೆಯದನ್ನೂ ಬಿಚ್ಚಿದ್ದರು. ಮೊದಲ ಸುತ್ತಿಗೆ ಪೆಟ್ಟು ಬಿತ್ತು. 'ಟಣ್.' ಕಾಡಿನಲ್ಲಿ ಕೇಳಿದ್ದೇ ಆ ಸದ್ದು. ಅದೇ ಕ್ಷಣಕ್ಕೆ ಒಳಗಿನ ಜೀವ ಬೆಚ್ಚಿ, ಮುದುಕಿಯ ಅಂಗೈಗೇ ಒದೆಯಿತು.

"ಶುಕರ್," ಎಂದು ದೇವರನ್ನು ನೆನೆದರು ಮುದುಕಿ. ಕೈ ತೆಗೆಯಲಿಲ್ಲ. ನಾನೂ ತೆಗೆಯಿರಿ ಅನ್ನಲಿಲ್ಲ.

ಸಂಜೆಯೊಳಗೆ ತವರು ಮುಟ್ಟಿದೆವು. ಆಯಿ ಬಾಗಿಲಲ್ಲೇ ತಡೆದಳು. ಪರವೂರಿನಿಂದ ಬಂದವರನ್ನು ಕೇಳುವಂತೆ ನನ್ನನ್ನೂ ಕೇಳಿದಳು.

"ದಾರಿಲಿ ಯಾರನ್ನಾದ್ರೂ ಮುಟ್ಟಿದ್ಯನೆ?"

ನಾನು ಬಾಯಿ ತೆರೆಯುವ ಮೊದಲೇ, ಅಂದಿನವರೆಗೆ ಜೀವಮಾನದಲ್ಲಿ ಮಡಿ ತಪ್ಪದ ಅಪ್ಪಯ್ಯ ಹಿಂದಿನಿಂದ ಹೇಳಿದ:

"ಯಾರನ್ನೂ ಮುಟ್ಟಿದ್ದಿಲ್ಲೆ. ಕೂಸಿನ ಕರ್ಕಂಡು ಒಳಗೆ ಹೋಗು."