ಯಾವ ಕೈಯಲ್ಲಿ ಹಿಡಿದಿರಿ?

ಸ್ವೀಡನ್ನಿನ ಎಸ್ಕಿಲ್‌ಸ್ಟುನಾದ ಒಂದು ದಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಕೋಕಿಲಾ ವರ್ಷಗಟ್ಟಲೆ ಪುಟಾಣಿಗಳ ಮೂಗು ಒರೆಸಿ, ಕೆಸರಿನ ಬೂಟು ಬಿಚ್ಚಿ ಬದುಕಿದವಳು. ಸ್ವೀಡಿಷ್ ಕಲಿತದ್ದೂ ಆ ಮಕ್ಕಳ ಬಾಯಿಂದಲೇ. ಒಂದು ದಿನ ಗೇಟು ದಾಟಿ, ಬರುತ್ತಿದ್ದ ಕಾರಿನತ್ತ ಓಡಿದ ಹುಡುಗನೊಬ್ಬನ ತೋಳು ಹಿಡಿದು ಹಿಂದಕ್ಕೆಳೆದಳು. ಹುಡುಗ ಉಳಿದ, ತೋಳಿನ ಮೇಲೆ ಕೆಂಪು ಗುರುತೂ ಉಳಿಯಿತು. ಹೊಡೆದಿದ್ದಾಳೆಂದು ಅವನಪ್ಪ ದೂರು ಕೊಟ್ಟ. ಪೊಲೀಸರೆದುರು ಗಾಬರಿಯಲ್ಲಿ ಅವಳಿಗೆ ನೆಟ್ಟಗೆ ಮಾತೇ ಹೊರಡಲಿಲ್ಲ. ಕೇಸು ಕೋರ್ಟಿಗೆ ಬಂತು. ಸೋತರೆ ಇನ್ನು ಯಾವ ದಾಗಿಸ್ ಕೂಡ ಅವಳನ್ನು ಒಳಗೆ ಬಿಡುವುದಿಲ್ಲ.

ಕೋರ್ಟೇ ಸರ್ಕಾರದ ಖರ್ಚಿನಲ್ಲಿ ಅನೆಟ್ ಎಂಬ ವಕೀಲೆಯನ್ನು ಗೊತ್ತುಮಾಡಿತು. ಆಕೆ ಫೋನ್ ಮಾಡಿ ಮೊದಲು ಕೇಳಿದ್ದು, "ಹುಡುಗನನ್ನು ಯಾವ ಕೈಯಲ್ಲಿ ಹಿಡಿದಿರಿ?" ಕೋಕಿಲಾ ಬಾಯಿ ತೆರೆಯುವುದರೊಳಗೆ ಗಂಡ ಯೋಗೀಶ ಫೋನ್ ಕಿತ್ತುಕೊಂಡು ಕಟ್ ಮಾಡಿದ.

"ಫ್ರೀಯಾಗಿ ಕೊಡೋ ಲಾಯರ್ರಾ? ಬೆಂಗಳೂರಲ್ಲಿ ನೋಡಿಲ್ವಾ ಅಂಥೋರ ಕತೆ? ನಮ್ ಅವಿನಾಶ್ ಇದಾನಲ್ಲ!"

ಅವಿನಾಶ್ ಎಂದರೆ ಕನ್ನಡ ಕೂಟದ ಖಾಯಂ ನಿರೂಪಕ. ಸ್ಟಾಕ್‌ಹೋಮಿನಲ್ಲಿ ಕಂಪನಿಗಳಿಗೆ ಕರಾರು ಬರೆದುಕೊಡುವುದು ಅವನ ಕಸುಬು. ಈ ದೇಶದಲ್ಲಿ ಯಾರು ಬೇಕಾದರೂ ತಾನು ಯೂರಿಸ್ಟ್, ಅಂದರೆ ಕಾನೂನು ಬಲ್ಲವನು, ಎಂದುಕೊಳ್ಳಬಹುದು. ಅಡ್ವೊಕಾಟ್ ಎನಿಸಿಕೊಳ್ಳಲು ಮಾತ್ರ ವರ್ಷಗಳ ವಕೀಲಿಕೆ ಬೇಕು, ಪರೀಕ್ಷೆ ಪಾಸಾಗಬೇಕು, ವಕೀಲರ ಸಂಘ ಒಳಗೆ ಸೇರಿಸಿಕೊಳ್ಳಬೇಕು. ಅವಿನಾಶ್ ಬರೀ ಯೂರಿಸ್ಟ್. ಆರೋಪಿಯೇ ಆರಿಸಿಕೊಂಡರೆ ಅಂಥವನೂ ಕೋರ್ಟಿನಲ್ಲಿ ವಾದಿಸಬಹುದು. ಕೋರ್ಟಿನಲ್ಲಿ ಎಷ್ಟು ಕೇಸು ನಡೆಸಿದ್ದೀರಿ ಎಂಬ ಮಾತು ಕೋಕಿಲಾಳ ನಾಲಿಗೆ ತುದಿಗೆ ಬಂದಿತ್ತು. ಆದರೆ ತನ್ನ ಮನೆಯಲ್ಲೇ ಕೂತು ಬಿಸಿಬೇಳೆಬಾತ್ ತಿನ್ನುವವನನ್ನು ಹಾಗೆ ಕೇಳುವುದು ಹೇಗೆ? ದಾಕ್ಷಿಣ್ಯ! ಅದಕ್ಕಿಷ್ಟು ಬೆಂಕಿ ಹಾಕ. ಅವನಾದರೂ ಅವಳನ್ನು ಏನಾದರೂ ಕೇಳಬೇಕಿತ್ತಲ್ಲ.

"ಡೋಂಟ್ ವರಿ ಮೇಡಂ, ನಾನ್ ನೋಡ್ಕೋತೀನಿ," ಎಂದು ಇನ್ನೊಂದು ಸೌಟು ಬಡಿಸಿಕೊಂಡ.

ಕೋರ್ಟಿನಲ್ಲಿ ಅವಿನಾಶ್ ರಾಜ್ಯೋತ್ಸವದ ವೇದಿಕೆಯ ಅದೇ ನಗು ನಕ್ಕು, ನಯವಾದ ಸ್ವೀಡಿಷ್‌ನಲ್ಲಿ ಶುರುಮಾಡಿದ. "ನಮ್ಮ ಸಂಸ್ಕೃತಿಯಲ್ಲಿ ಮಕ್ಕಳಿಗೊಂದು ಸಣ್ಣ ಏಟು ಪ್ರೀತಿಯ ಗುರುತು. ಅದನ್ನು ನೀವು ಅರ್ಥಮಾಡಿಕೊಳ್ಳಬೇಕು."

ಮಕ್ಕಳಿಗೆ ಏಟು ಕೊಡುವುದೇ ಅಪರಾಧವಾದ ದೇಶದಲ್ಲಿ ಈ ಮಾತು! ಕೋಕಿಲಾಳ ಮೈ ಉರಿಯಿತು. ಹುಟ್ಟಿದಾಗಿನಿಂದ ಒಂದು ಮಗುವಿನ ಮೇಲೂ ಕೈ ಮಾಡದವಳ ತಪ್ಪನ್ನು ಈ ಮಹಾಶಯ ತಾನೇ ಒಪ್ಪಿಕೊಂಡುಬಿಟ್ಟಿದ್ದ.

"ಹಾಗಾದರೆ ಹೊಡೆದದ್ದು ನಿಜವೇ? ಯಾವ ಕೈಯಲ್ಲಿ?" ನ್ಯಾಯಾಧೀಶೆ ಕೇಳಿದರು.

ಅವಿನಾಶ್ ಟೈ ಸರಿಮಾಡಿಕೊಂಡು ಅವಳ ಕಿವಿಯತ್ತ ಬಾಗಿದ. "ಮೇಡಂ, ರೈಟ್ ಹ್ಯಾಂಡ್ ಅಂತ ಹೇಳ್ಲಾ?"

ಅವನ ಬಾಯಿಯ ಏಲಕ್ಕಿ ವಾಸನೆಗೆ ಅವಳು ಮುಖ ತಿರುಗಿಸಿದಳು. ಇಂಥವನಿಗೆ ಬಡಿಸಿದ ತನ್ನ ಬಗ್ಗೆಯೂ ಹೇಸಿಗೆಯಾಯಿತು.

"ನಾನು ಹೊಡೆದಿಲ್ಲ," ಎಂದಳು ಮಕ್ಕಳಿಂದ ಕಲಿತ ಸ್ವೀಡಿಷ್‌ನಲ್ಲಿ. "ಇವರು ನನ್ನನ್ನು ಒಂದು ಮಾತೂ ಕೇಳಿಲ್ಲ. ಇವರು ಬೇಡ. ನನಗೆ ಅನೆಟ್ ಬೇಕು."

ಹಿಂದಿನ ಸಾಲಿನಿಂದ ಯೋಗೀಶ ಪಿಸುಗುಟ್ಟಿದ. "ಏಯ್, ಸುಮ್ನಿರು! ನಾಳೆ ಕೂಟದಲ್ಲಿ ಮುಖ ಹೆಂಗೆ ತೋರ್ಸೋದು?"

ವಿಚಾರಣೆ ಮುಂದಕ್ಕೆ ಹೋಯಿತು. ಎರಡು ದಿನದ ಮೇಲೆ ಅನೆಟ್‌ಳ ಫೋನ್ ಬಂತು. ಕೋಕಿಲಾ ಅದನ್ನು ಯೋಗೀಶನ ಮುಂದೆಯೇ ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತಿದಳು. ಮತ್ತೆ ಅದೇ ಪ್ರಶ್ನೆ.

"ಎಡಗೈಯಲ್ಲಿ ಹಿಡಿದೆ. ಬಲಗೈಯಲ್ಲಿ ಇನ್ನೊಂದು ಮಗು ಎತ್ತಿಕೊಂಡಿದ್ದೆ."

ಅತ್ತ ಅನೆಟ್ ಬರೆದುಕೊಳ್ಳುವ ಸದ್ದು ಕೇಳಿತು. "ಹಾಗಾದರೆ ಹೊಡೆದದ್ದು ಯಾವ ಕೈಯಲ್ಲಂತೆ?"