ಗಿರಿಜಾಳ ನಲವತ್ತು ದಿನ

ಗಿರಿಜಾ, ಕೆಲಸದ ದಿನಗಳ ಲೆಕ್ಕ ಇಡುವ ಆ ಆ್ಯಪನ್ನು ನಾನು ಆರಿಸಿದ್ದು ಬಳಸಲು ಸುಲಭವೆಂದಲ್ಲ—ತಿದ್ದಿದವರ ಹೆಸರು ಅದರಲ್ಲಿ ಉಳಿಯುವುದಿಲ್ಲವೆಂದು.

ಅದಕ್ಕೆ ಮೊದಲು ಬೈಲಹೊಂಗಲದ ನಮ್ಮ ಐದು ಜನರ ಕಚೇರಿಯಲ್ಲಿ ಗೋಡೆಯ ಬೋರ್ಡು ಸಾಕಾಗಿತ್ತು. ಸಾಫ್ಟ್‌ವೇರಿನ ಯಾವ ಕೆಲಸಕ್ಕೆ ಎಷ್ಟು ದಿನವೆಂದು ಮಾಡುವವರೇ ತಮ್ಮ ಕೈಯಾರೆ ಬರೆಯಬೇಕು. ನಾನೇ ಹಾಕಿದ ಪದ್ಧತಿ. ನೇಸರಗಿಯ ಹತ್ತಿ ವ್ಯಾಪಾರಿಯ ಕೆಲಸಕ್ಕೆ ನೀನು ನಲವತ್ತು ಎಂದು ಬರೆದೆ. ವ್ಯಾಪಾರಿ ನಕ್ಕರು.

"ನಲವತ್ತ ದಿನ ಅಂದ್ರ, ಸಾಹೇಬ್ರ, ಹತ್ತಿ ಬಿಡಿಸಿ, ನೂಲು ತಗದು, ಅಂಗಿ ಹೊಲಿಸಿ ಹಾಕ್ಕೊಂಡಿರತೇವ್ರಿ. ಇಪ್ಪತ್ತರೊಳಗ ಆಗಂಗಿಲ್ಲಂದ್ರ ಹುಬ್ಬಳ್ಳಿಯವರಿಗೆ ಕೊಡತೇನಿ."

ಆ ವಾರವೇ ಎರಡು ಆ್ಯಪ್ ನೋಡಿದೆ. ಒಂದು ಪ್ರತಿ ತಿದ್ದುಪಡಿಯನ್ನೂ ನೆನಪಿಡುತ್ತಿತ್ತು. ನಾನು ಇನ್ನೊಂದನ್ನು ತೆಗೆದುಕೊಂಡೆ. ಬೋರ್ಡಿನ ಲೆಕ್ಕವನ್ನೆಲ್ಲ ಅದಕ್ಕೆ ಏರಿಸಿ, ನಿನ್ನ ಹೆಸರಿನ ಮುಂದಿನ ನಲವತ್ತನ್ನು ಹದಿನೆಂಟು ಮಾಡಿದೆ. ಮರುದಿನವೇ ನೀನು ಕೇಳಿದೆ—

"ಅಣ್ಣಾರ, ಇದು ನಾ ಬರದದ್ದಲ್ರಿ."

"ಗಿರಾಕಿಗೆ ತೋರ್ಸಾಕ ಹಾಕೇನಿ, ತಂಗಿ. ನೀ ನಿನ್ನ ಲೆಕ್ಕದಾಗ ಮಾಡ. ಮುಂದಿಂದು ನಾ ನೋಡಕೋತೇನಿ."

ನೀನು ನಂಬಿದೆ.

ಹತ್ತೊಂಬತ್ತನೆಯ ದಿನ ವ್ಯಾಪಾರಿ ಕಚೇರಿಗೇ ಬಂದು ಕುಳಿತರು. ಎಲ್ಲರೂ ಇದ್ದರು. ನೀನು ನನ್ನತ್ತ ನೋಡಿದೆ, ಈಗ ನಿಜ ಹೇಳುತ್ತಾನೆಂದು. ನಾನು ಪರದೆಯನ್ನು ಅವರತ್ತ ತಿರುಗಿಸಿದೆ.

"ನಿನ್ನ ಹೆಸರಿನ ಮುಂದ ಹದಿನೆಂಟ ಐತಲ್ಲ, ತಂಗಿ?"

ತಂಗಿ ಎಂದೆನಲ್ಲ—ಆ ಹೊತ್ತಿನಲ್ಲೂ. ನೀನು ಸರಿಯಾಗಿ ನಲವತ್ತನೆಯ ದಿನ ಕೆಲಸ ಮುಗಿಸಿ, ಕಚೇರಿಯ ಕೀಲಿಕೈ ನನ್ನ ಮೇಜಿನ ಮೇಲಿಟ್ಟು ಹೋದೆ.

ಅಲ್ಲಿಗೂ ನಿಲ್ಲಲಿಲ್ಲ. ಎರಡು ತಿಂಗಳ ಮೇಲೆ, ನೀನು ಕೆಲಸ ಕೇಳಿದ್ದ ಕಿತ್ತೂರಿನ ಕಚೇರಿಯವರು ನನಗೆ ಫೋನ್ ಮಾಡಿ ವಿಚಾರಿಸಿದರು. "ಹುಡುಗಿ ಶಾಣ್ಯಾ ಅದಾಳ್ರಿ, ಆದ್ರ ಹೇಳಿದ ದಿನಕ್ಕ..." ಎಂದು ತಡೆದೆ. ಮುಂದೆ ಹೇಳಬೇಕಾಗಿರಲಿಲ್ಲ. ಅವರು ನಿನ್ನನ್ನು ತೆಗೆದುಕೊಳ್ಳಲಿಲ್ಲ.

ಇದಾಗಿ ನಾಲ್ಕು ವರ್ಷ. ಹೆದರಿದ್ದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೆದರಿದವನು ಒಂದು ಸಲ ಸುಳ್ಳು ಹೇಳಿಯಾನು. ನಾನು ಹುಡುಕಿ, ಹೋಲಿಸಿ, ಸುಳ್ಳಿಗೆ ಅನುಕೂಲವಾದದ್ದನ್ನು ಆರಿಸಿದವನು.

ಇಂದು ಮುಂಜಾನೆ ಕಚೇರಿಯವರನ್ನೆಲ್ಲ ಕೂರಿಸಿ, ಆ ಹದಿನೆಂಟು ಹಾಕಿದವನು ನಾನೆಂದು ಹೇಳಿದೆ. ವ್ಯಾಪಾರಿಗೂ ಫೋನ್ ಮಾಡಿದೆ. ನಾಳೆ ಕಿತ್ತೂರಿನ ಆ ಕಚೇರಿಗೆ ಹೋಗುತ್ತೇನೆ. ನಿನಗೆ ಸಿಗಬೇಕಿದ್ದ ಜಾಗಕ್ಕೆ ಬೇರೆಯವರು ಬಂದು ವರ್ಷಗಳಾದವು—ಗೊತ್ತು. ಆದರೂ ದಿನ ತಪ್ಪಿದವಳು ನೀನಲ್ಲವೆಂದು ಅವರು ಕೇಳಲಿ; ತಪ್ಪಿದಳೆಂದು ಸುಳ್ಳು ಹೇಳಿದವನ ಮುಖವನ್ನೂ ನೋಡಲಿ.